ಕಾಣುವುದು ಚಿಕ್ಕ ಗಾಯ, ತೆಗೆಯಬೇಕು ಅನ್ನುವುದು ಇಡೀ ಧ್ವನಿಪೆಟ್ಟಿಗೆ: ಯಾಕೆ?

ಪ್ರಶ್ನೆ: ನಮ್ಮ ತಂದೆಗೆ 63 ವರ್ಷ. ಬಹಳ ವರ್ಷ ಬೀಡಿ ಸೇದಿದವರು. ಧ್ವನಿತಂತುವಿನ ಕ್ಯಾನ್ಸರ್, ಎರಡನೇ ಹಂತ ಎಂದು ಹೇಳಿ 33 ಸಲ ಕರೆಂಟ್ ಕೊಟ್ಟರು. ದನಿ ಚೆನ್ನಾಗಿಯೇ ವಾಪಸ್ ಬಂತು. ಒಂದು ವರ್ಷ ದಾಟಿದ ಮೇಲೆ ಮತ್ತೆ ದನಿ ಒಡೆಯಿತು, ಬಲಗಿವಿಯಲ್ಲಿ ನೋವು ಶುರುವಾಯಿತು. ಮೊದಲ ಬಯಾಪ್ಸಿಯಲ್ಲಿ ಏನೂ ಇಲ್ಲ ಎಂದರು. ಒಂದೂವರೆ ತಿಂಗಳ ನಂತರ ಮಾಡಿದ ಇನ್ನೊಂದರಲ್ಲಿ ಕ್ಯಾನ್ಸರ್ ಎಂದು ಬಂದಿದೆ. ಸ್ಕೋಪಿಯಲ್ಲಿ ಕಾಣುವುದು ಸಣ್ಣ ಗಾಯ ಮತ್ತು ಊತ ಅಷ್ಟೆ. ಆದರೆ ಡಾಕ್ಟರು ಇಡೀ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎನ್ನುತ್ತಿದ್ದಾರೆ. ಇಷ್ಟು ಚಿಕ್ಕದಕ್ಕೆ ಅಷ್ಟು ದೊಡ್ಡ ಆಪರೇಷನ್ ಬೇಕೆ? ಇದು ಎಲ್ಲೆಲ್ಲಿಗೆ ಹರಡುತ್ತದೆ? ಇನ್ನೊಮ್ಮೆ ಕರೆಂಟ್ ಕೊಟ್ಟರೆ ಆಗುವುದಿಲ್ಲವೆ?

ಉತ್ತರ: ನೀವು ಕೇಳಿರುವ ಮೂರು ಪ್ರಶ್ನೆಗಳಿಗೂ ಬೇರು ಒಂದೇ ಕಡೆ ಇದೆ. ರೇಡಿಯೇಷನ್, ಅಂದರೆ ನೀವು ಹೇಳಿದ ಕರೆಂಟ್, ಆದ ಮೇಲೆ ಮರಳಿ ಬರುವ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಮೊದಲ ಸಲ ಬಂದದ್ದರಂತೆ ಬೆಳೆಯುವುದಿಲ್ಲ. ಮೇಲಿನಿಂದ ನೋಡಿದರೆ ಚಿಕ್ಕದು, ಒಳಗೆ ಅದಕ್ಕಿಂತ ದೊಡ್ಡದು. ನಿಮ್ಮ ಡಾಕ್ಟರು ಹೇಳುತ್ತಿರುವುದು ಕಣ್ಣಿಗೆ ಕಂಡ ಗಾಯದ ಲೆಕ್ಕದಲ್ಲಿ ಅಲ್ಲ, ಕಾಣದೆ ಒಳಗೆ ಇರಬಹುದಾದದ್ದರ ಲೆಕ್ಕದಲ್ಲಿ. ಜೊತೆಗೆ ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮರಳಿ ಬಂದಿದೆ ಎಂದ ಕೂಡಲೇ ಮೈಯೆಲ್ಲ ಹರಡಿದೆ ಎಂದು ಮನೆಮಂದಿ ಎದೆಗುಂದುತ್ತಾರೆ. ಧ್ವನಿತಂತುವಿನ ಕ್ಯಾನ್ಸರ್ ಮರಳಿದಾಗ ಬಹುತೇಕ ಸಲ ಅದೇ ಜಾಗದಲ್ಲೇ ಇರುತ್ತದೆ. ಆಪರೇಷನ್ ಮಾಡೋಣ ಎಂದು ಡಾಕ್ಟರು ಹೇಳುತ್ತಿರುವುದೇ ಆ ಭರವಸೆಯ ಮೇಲೆ.

ಮೊದಲು ಧ್ವನಿಪೆಟ್ಟಿಗೆಯ ಒಳಕಟ್ಟನ್ನು ಸ್ವಲ್ಪ ನೋಡೋಣ. ಕುತ್ತಿಗೆಯ ಮುಂದೆ, ಗಂಡಸರಲ್ಲಿ ಉಬ್ಬಿ ಕಾಣುವ ಆ ಗಟ್ಟಿ ಭಾಗ ಥೈರಾಯ್ಡ್ ಮೃದ್ವಸ್ಥಿ (ಮೃದ್ವಸ್ಥಿ ಎಂದರೆ ಮೂಳೆಗಿಂತ ಮೆತ್ತಗಿನ ಅಂಗಾಂಶ). ಅದರ ಹಿಂದೆ ಎರಡು ಧ್ವನಿತಂತುಗಳು ಮುಂಭಾಗದಲ್ಲಿ ಒಂದಕ್ಕೊಂದು ಕೂಡಿ, ಹಿಂದೆ ಅಗಲವಾಗಿ ತೆರೆದುಕೊಂಡಿರುತ್ತವೆ. ತಂತುಗಳ ಮೇಲಿನ ಭಾಗ ಒಂದು, ತಂತುಗಳ ಮಟ್ಟ ಒಂದು, ಕೆಳಗೆ ಶ್ವಾಸನಾಳಕ್ಕೆ ಸೇರುವ ಭಾಗ ಒಂದು, ಹೀಗೆ ಮೂರು ಅಂತಸ್ತು ಎಂದು ಎಣಿಸುತ್ತೇವೆ. ತಂತುವಿನ ಅಂಚಿನಲ್ಲಿ ದುಗ್ಧನಾಳಗಳು, ಅಂದರೆ ಕ್ಯಾನ್ಸರ್ ಕಣಗಳು ಕುತ್ತಿಗೆಯ ಗ್ರಂಥಿಗಳಿಗೆ ಹರಿದುಹೋಗುವ ಸಣ್ಣ ನಾಳಗಳು, ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒಳಗೆ ಗಟ್ಟಿಯಾದ ಪೊರೆಗಳೂ ಮೃದ್ವಸ್ಥಿಯ ಮೇಲಿನ ಹೊದಿಕೆಯೂ ಕ್ಯಾನ್ಸರನ್ನು ತುಂಬ ಕಾಲ ತಡೆದು ನಿಲ್ಲಿಸುತ್ತವೆ. ಅದಕ್ಕೇ ಧ್ವನಿತಂತುವಿನ ಕ್ಯಾನ್ಸರ್ ಆರಂಭದಲ್ಲಿ ಸಿಕ್ಕರೆ ಚೆನ್ನಾಗಿ ಗುಣವಾಗುತ್ತದೆ. ಒಂದೇ ತಂತುವಿಗೆ ಸೀಮಿತವಾದದ್ದು ರೇಡಿಯೇಷನ್ನಿನಿಂದಲೇ 100ಕ್ಕೆ 85ರಿಂದ 95 ಮಂದಿಯಲ್ಲಿ ಹತೋಟಿಗೆ ಬರುತ್ತದೆ. ತಂತು ದಾಟಿ ಮೇಲಕ್ಕೋ ಕೆಳಕ್ಕೋ ಹಬ್ಬಿದ್ದರೆ, ಅಂದರೆ ನಿಮ್ಮ ತಂದೆಯವರಿಗಿದ್ದಂಥ ಎರಡನೇ ಹಂತದಲ್ಲಿ, ಸುಮಾರು 65ರಿಂದ 80. ಉಳಿದವರಲ್ಲಿ ಮರಳಿ ಬರುತ್ತದೆ, ಹೆಚ್ಚಿನವರಿಗೆ ಮೊದಲ ಎರಡು ವರ್ಷದೊಳಗೇ. ನಿಮ್ಮ ತಂದೆಯವರ ವಿಷಯದಲ್ಲಿ ಯಾರೋ ತಪ್ಪು ಮಾಡಿದ್ದಕ್ಕೆ ಹೀಗಾಯಿತು ಎಂದು ಭಾವಿಸಬೇಕಾಗಿಲ್ಲ.

ಈಗ ಮುಖ್ಯ ವಿಷಯ. ರೇಡಿಯೇಷನ್ ಕ್ಯಾನ್ಸರ್ ಕಣದ ಒಳಗಿನ ಡಿಎನ್ಎಯನ್ನು ಮುರಿಯುತ್ತದೆ. ಆ ಮುರಿತ ಸರಿಹೋಗದಂತೆ ನಿಲ್ಲಬೇಕಾದರೆ ಆಕ್ಸಿಜನ್ ಬೇಕು. ಗಡ್ಡೆಯ ಒಳಗೆ ರಕ್ತ ಸರಿಯಾಗಿ ಹರಿಯದ ಜಾಗಗಳಿರುತ್ತವೆ. ಅಲ್ಲಿನ ಕಣಗಳನ್ನು ಸಾಯಿಸಲು ಎರಡೂವರೆಯಿಂದ ಮೂರು ಪಟ್ಟು ಹೆಚ್ಚು ಡೋಸ್ ಬೇಕಾಗುತ್ತದೆ. ಅಷ್ಟು ಕೊಟ್ಟರೆ ಸುತ್ತಲಿನ ಒಳ್ಳೆಯ ಅಂಗಾಂಶ ಉಳಿಯುವುದಿಲ್ಲ. ಹೀಗಾಗಿ ಗಡ್ಡೆಯ ಬಹುಪಾಲು ಕರಗಿಹೋದರೂ ಅಲ್ಲೊಂದು ಇಲ್ಲೊಂದು ಕಣಗುಂಪು ಬದುಕಿ ಉಳಿಯಬಹುದು. ಚಿಕಿತ್ಸೆಯ ವಾರಗಳಲ್ಲೂ ಬೀಡಿ ಬಿಡದವರಲ್ಲಿ ಮತ್ತು ರಕ್ತಹೀನತೆ ಇರುವವರಲ್ಲಿ ರೇಡಿಯೇಷನ್ ಅಷ್ಟು ಚೆನ್ನಾಗಿ ಹಿಡಿಯದಿರುವುದಕ್ಕೆ ಒಂದು ಕಾರಣ ಇದೇ ಆಕ್ಸಿಜನ್ ಕೊರತೆ.

ಉಳಿದ ಈ ಗುಂಪುಗಳು ತಾವಿದ್ದ ಕಡೆಯಿಂದಲೇ ಚಿಗುರುತ್ತವೆ. ಹೊಲದಲ್ಲಿ ಗರಿಕೆಗೆ ಬೆಂಕಿ ಹಾಕಿದ ಮೇಲೆ ಮೇಲ್ಗಡೆ ಎಲ್ಲ ಬೋಳಾಗಿ, ಮಣ್ಣಿನಡಿಯ ಗೆಣ್ಣು ಉಳಿದಲ್ಲೆಲ್ಲ ಮತ್ತೆ ಹಸಿರು ಏಳುವುದನ್ನು ನೀವು ನೋಡಿರುತ್ತೀರಿ. ಇದೂ ಹಾಗೆಯೇ. ತೆಗೆದ ಧ್ವನಿಪೆಟ್ಟಿಗೆಯನ್ನು ಇಡಿಯಾಗಿ ತೆಳು ಹೋಳುಗಳನ್ನಾಗಿ ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟು ನೋಡುವ ಒಂದು ಪದ್ಧತಿ ಇದೆ. ರೇಡಿಯೇಷನ್ ಕಾಣದ ಕ್ಯಾನ್ಸರಿನ ಹೋಳಿನಲ್ಲಿ ಸಾಮಾನ್ಯವಾಗಿ ಒಂದೇ ಗಡ್ಡೆ ಇರುತ್ತದೆ, ಅದಕ್ಕೊಂದು ಅಂಚು ಇರುತ್ತದೆ, ಬೆರಳಿಟ್ಟು ಇಲ್ಲಿಂದ ಇಲ್ಲಿಗೆ ಎನ್ನಬಹುದು. ಮರಳಿ ಬಂದದ್ದರ ಹೋಳು ನೋಡಿದರೆ ಅನೇಕ ಸಲ ಒಂದು ಗಡ್ಡೆ ಎಂದು ಹೇಳುವುದೇ ಕಷ್ಟ. ಸ್ನಾಯುವಿನ ಎಳೆಗಳ ನಡುವೆ ಒಂದು ಗುಂಪು, ಅಲ್ಲಿಂದ ಸ್ವಲ್ಪ ದೂರದಲ್ಲಿ ಇನ್ನೊಂದು, ನರದ ಸುತ್ತ ಮತ್ತೊಂದು. ನಡುವೆ ರೇಡಿಯೇಷನ್ನಿನಿಂದ ಗಟ್ಟಿಯಾದ ಕಲೆಯ ಅಂಗಾಂಶ. ಇವೆಲ್ಲದರ ಮೇಲೆ ಲೋಳೆಪೊರೆ ಮಾತ್ರ ನಯವಾಗಿ, ಏನೂ ಆಗಿಲ್ಲವೆಂಬಂತೆ ಹಾಸಿಕೊಂಡಿರುತ್ತದೆ. ಸ್ಕೋಪಿ ತೋರಿಸುವುದು ಆ ಲೋಳೆಪೊರೆಯನ್ನು.

ಮೊದಲ ಬಯಾಪ್ಸಿಯಲ್ಲಿ ಯಾಕೆ ಸಿಗಲಿಲ್ಲ ಎಂಬುದಕ್ಕೂ ಇದೇ ಉತ್ತರ. ಮೇಲಿನ ಪೊರೆಯಿಂದ ಚೂರು ತೆಗೆದರೆ ಅಡಿಯಲ್ಲಿರುವುದು ಸಿಗದೆ ಹೋಗಬಹುದು. ಇದು ಹಳೆಯ ಸಂಕಟ. 1887ರಲ್ಲಿ ಜರ್ಮನಿಯ ಯುವರಾಜ ಫ್ರೆಡ್ರಿಕ್‌ನ ದನಿ ಒಡೆದಾಗ ಇಂಗ್ಲೆಂಡಿನ ಗಂಟಲು ತಜ್ಞ ಮೊರೆಲ್ ಮೆಕೆಂಜಿ ತೆಗೆದ ಚೂರುಗಳನ್ನು ಪರೀಕ್ಷಿಸಿದವನು ಸಾಮಾನ್ಯನಲ್ಲ, ರೋಗಶಾಸ್ತ್ರದ ಪಿತಾಮಹ ಎನಿಸಿದ ರುಡಾಲ್ಫ್ ವಿರ್ಚೋ. ಅವನಿಗೆ ಅದರಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಫ್ರೆಡ್ರಿಕ್ ಚಕ್ರವರ್ತಿಯಾಗಿ 99 ದಿನ ಆಳಿ 1888ರ ಜೂನ್ 15ರಂದು ತೀರಿಕೊಂಡ. ಮರಣೋತ್ತರ ಪರೀಕ್ಷೆಯಲ್ಲಿ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಎಂದು ಖಚಿತವಾಯಿತು. ಆಗ ಎಕ್ಸ್‌ರೇಯೇ ಇನ್ನೂ ಗೊತ್ತಿರಲಿಲ್ಲ, ರೇಡಿಯೇಷನ್ ಮಾತು ದೂರವೇ ಉಳಿಯಿತು. ರೇಡಿಯೇಷನ್ ಆದ ಗಂಟಲಿನಲ್ಲಂತೂ ಬಯಾಪ್ಸಿ ಇನ್ನಷ್ಟು ಕಷ್ಟ. ಊತ ತಿಂಗಳುಗಟ್ಟಲೆ ಉಳಿಯಬಹುದು. ಕೆಲವರಲ್ಲಿ ಮೃದ್ವಸ್ಥಿಯೇ ರಕ್ತ ಸಿಗದೆ ಸತ್ತು ನೋವು, ಊತ, ಉಸಿರಿನ ತೊಂದರೆ ಎಲ್ಲವನ್ನೂ ಕ್ಯಾನ್ಸರಿನಂತೆಯೇ ತೋರಿಸುತ್ತದೆ. ಹಾಗೆಂದು ಸಿಕ್ಕಸಿಕ್ಕಲ್ಲಿ ಆಳವಾಗಿ ಚುಚ್ಚಿ ಚೂರು ತೆಗೆದರೆ ಆ ಗಾಯವೇ ಮೃದ್ವಸ್ಥಿಯನ್ನು ಕೆಡಿಸಬಹುದು. ಕ್ಯಾನ್ಸರ್ ಇರುವ ಜಾಗವನ್ನು ಹೊಳೆಯುವಂತೆ ತೋರಿಸುವ ಪೆಟ್ ಸ್ಕ್ಯಾನ್ ಸಹಾಯ ಮಾಡುತ್ತದೆ. ಆದರೆ ರೇಡಿಯೇಷನ್ ಮುಗಿದು ಸುಮಾರು 12 ವಾರ ಆಗುವ ಮುಂಚೆ ಮಾಡಿದರೆ ಬರೀ ಉರಿಯೂತವೂ ಹೊಳೆದು ದಾರಿ ತಪ್ಪಿಸುತ್ತದೆ.

ನೀವು ಬರೆದಿರುವ ಕಿವಿನೋವನ್ನು ನಾನಂತೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಧ್ವನಿಪೆಟ್ಟಿಗೆಗೂ ಕಿವಿಯ ಒಂದು ಭಾಗಕ್ಕೂ ಒಂದೇ ನರದ ಕವಲುಗಳು ಹೋಗುತ್ತವೆ. ಗಂಟಲಿನ ಆಳದ ನೋವು ಕಿವಿಯಲ್ಲಿ ಕಾಣಿಸಿಕೊಳ್ಳುತ್ತದೆ. ಕಿವಿ ನೋಡಿದರೆ ಅಲ್ಲಿ ಏನೂ ಇರುವುದಿಲ್ಲ. ರೇಡಿಯೇಷನ್ ಆಗಿ ವರ್ಷ ಕಳೆದವರಿಗೆ ದನಿ ಕೆಟ್ಟು ಜೊತೆಗೆ ಒಂದೇ ಕಿವಿ ನೋಯುತ್ತಿದ್ದರೆ, ಒಂದು ಬಯಾಪ್ಸಿ ಸರಿಯಿದೆ ಎಂದು ಬಂದರೂ ಹುಡುಕುವುದನ್ನು ನಿಲ್ಲಿಸಬಾರದು. ನಿಮ್ಮ ಡಾಕ್ಟರು ಎರಡನೇ ಸಲ ಮಾಡಿದ್ದು ಸರಿಯಾದ ನಿರ್ಧಾರ.

ಹಾಗಾದರೆ ಒಳಗೆ ಅದು ಯಾವ ದಾರಿ ಹಿಡಿಯುತ್ತದೆ? ತುಂಬ ತಲೆಕೆಡಿಸುವುದು ಮುಂದಿನ ದಾರಿ. ಎರಡೂ ತಂತುಗಳು ಮುಂಭಾಗದಲ್ಲಿ ಕೂಡಿ ಥೈರಾಯ್ಡ್ ಮೃದ್ವಸ್ಥಿಗೆ ಅಂಟಿಕೊಳ್ಳುವ ಬಿಂದುವಿನಲ್ಲಿ ಆ ಮೃದ್ವಸ್ಥಿಗೆ ಎಲ್ಲೆಡೆ ಇರುವ ಹೊದಿಕೆ ಇರುವುದಿಲ್ಲ. ವಯಸ್ಸಾದಂತೆ ಮೃದ್ವಸ್ಥಿ ಮೂಳೆಯಾಗಿ ಬದಲಾಗುತ್ತ ಹೋಗುತ್ತದೆ, ಮೂಳೆಯಾದ ಭಾಗವನ್ನು ಕ್ಯಾನ್ಸರ್ ಸುಲಭವಾಗಿ ಕೊರೆಯುತ್ತದೆ. ಹೀಗೆ ಮುಂದಕ್ಕೆ ನುಗ್ಗಿದ್ದು ಕುತ್ತಿಗೆಯ ಮುಂಭಾಗದ ಸ್ನಾಯುಗಳಿಗೆ ಬರಬಹುದು. ಸ್ವಲ್ಪ ಕೆಳಗೆ, ಎರಡು ಮೃದ್ವಸ್ಥಿಗಳ ನಡುವಿನ ತೆಳು ಪೊರೆಯ ಮೂಲಕವೂ ಹೊರಬರಬಹುದು. ಮೊದಲ ಸಲದ ಕ್ಯಾನ್ಸರ್ ಈ ಮುಂಬಿಂದುವನ್ನು ಮುಟ್ಟಿತ್ತೇ ಎಂಬುದು ಅದಕ್ಕೇ ಬಹಳ ಮುಖ್ಯ.

ಪಕ್ಕಕ್ಕೆ ಹೋದರೆ ತಂತುವಿಗೂ ಮೃದ್ವಸ್ಥಿಗೂ ನಡುವೆ ಕೊಬ್ಬು ತುಂಬಿದ ಒಂದು ಸಂದು ಸಿಗುತ್ತದೆ. ಇದು ಮೂರೂ ಅಂತಸ್ತುಗಳನ್ನು ಜೋಡಿಸುವ ಓಣಿ. ಒಮ್ಮೆ ಅಲ್ಲಿಗೆ ಇಳಿದರೆ ಲೋಳೆಪೊರೆಯ ಮೇಲೆ ಏನೂ ಕಾಣಿಸದೆ ಮೇಲಕ್ಕೂ ಕೆಳಕ್ಕೂ ಹರಿಯುತ್ತದೆ. ತಂತುವನ್ನು ಆಡಿಸುವ ಸ್ನಾಯುವೂ ಹಿಂದಿನ ಚಿಕ್ಕ ಕೀಲೂ ಸಿಕ್ಕಿಹಾಕಿಕೊಂಡಾಗ ತಂತು ಅಲುಗಾಡುವುದು ನಿಲ್ಲುತ್ತದೆ. ನಿಮ್ಮ ತಂದೆಯವರ ಸ್ಕೋಪಿ ವರದಿಯಲ್ಲಿ ಬಲ ತಂತು ಆಡುತ್ತಿದೆಯೋ, ನಿಂತಿದೆಯೋ ಎಂದು ಬರೆದಿರುತ್ತದೆ, ನೋಡಿ. ಆ ಒಂದು ಸಾಲಿಗೆ ಗಾಯದ ಗಾತ್ರಕ್ಕಿಂತ ಹೆಚ್ಚು ತೂಕವಿದೆ. ಕೆಲವೊಮ್ಮೆ ರೇಡಿಯೇಷನ್ನಿನ ಕಲೆಯಿಂದಲೂ ತಂತು ಬಿಗಿಯಬಹುದು, ಆದರೆ ಚೆನ್ನಾಗಿ ಆಡುತ್ತಿದ್ದದ್ದು ಈಗ ನಿಂತಿದ್ದರೆ ಒಳಗೆ ಹೋಗಿದೆ ಎಂದೇ ಹಿಡಿದು ನಡೆಯಬೇಕು.

ಕೆಳಕ್ಕೆ ಇಳಿದರೆ ಶ್ವಾಸನಾಳದ ಮೇಲ್ತುದಿ, ಅದರ ಎರಡು ಬದಿಯ ದುಗ್ಧಗ್ರಂಥಿಗಳು, ಕೆಲವೊಮ್ಮೆ ಥೈರಾಯ್ಡ್ ಗ್ರಂಥಿ. ಆಪರೇಷನ್ನಿನಲ್ಲಿ ಥೈರಾಯ್ಡಿನ ಒಂದು ಭಾಗವನ್ನೂ ತೆಗೆಯಬೇಕಾಗಬಹುದು ಎಂದು ಹೇಳುವುದು ಇದಕ್ಕೇ. ಮೇಲಿನ ಅಂತಸ್ತಿನ ಕ್ಯಾನ್ಸರ್ ಆದರೆ ನುಂಗುವಾಗ ಉಸಿರಿನ ದಾರಿಯನ್ನು ಮುಚ್ಚುವ ಮುಚ್ಚಳದಂಥ ಎಪಿಗ್ಲಾಟಿಸ್ ಮುಂದಿನ ಕೊಬ್ಬಿನ ಮೂಲಕ ನಾಲಿಗೆಯ ಬುಡದತ್ತ ಹೋಗುತ್ತದೆ. ಹಿಂದಕ್ಕೆ ಹೋದರೆ ಅನ್ನನಾಳದ ಬಾಯಿ, ಆಗ ನುಂಗುವುದು ಕಷ್ಟವಾಗುತ್ತದೆ.

ಕುತ್ತಿಗೆಯ ದುಗ್ಧಗ್ರಂಥಿಗಳ ವಿಷಯ. ಆರಂಭದ ಹಂತದ ಧ್ವನಿತಂತುವಿನ ಕ್ಯಾನ್ಸರಿಗೆ ರೇಡಿಯೇಷನ್ ಕೊಡುವಾಗ ಧ್ವನಿಪೆಟ್ಟಿಗೆಯಷ್ಟಕ್ಕೆ ಮಾತ್ರ ಚಿಕ್ಕ ಚೌಕ ಹಾಕುತ್ತಾರೆ, ಕುತ್ತಿಗೆಯ ಗ್ರಂಥಿಗಳಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಆಗ ಅದರ ಅಗತ್ಯವೂ ಇರುವುದಿಲ್ಲ. ಮರಳಿ ಬಂದ ಕ್ಯಾನ್ಸರ್ ಆಳಕ್ಕೆ ಇಳಿದು ದುಗ್ಧನಾಳಗಳಿರುವ ಜಾಗ ಮುಟ್ಟಿದಾಗ ಲೆಕ್ಕ ಬದಲಾಗುತ್ತದೆ. ಕೈಗೂ ಸಿಗದ, ಸ್ಕ್ಯಾನಿನಲ್ಲೂ ಕಾಣದ ಕ್ಯಾನ್ಸರ್ ಗ್ರಂಥಿಯೊಳಗೆ ಅಡಗಿರುವುದು ಧ್ವನಿಪೆಟ್ಟಿಗೆ ತೆಗೆಸಿಕೊಂಡ ಇಂಥವರಲ್ಲಿ ಸ್ಥೂಲವಾಗಿ 100ಕ್ಕೆ 10ರಿಂದ 20 ಮಂದಿಯಲ್ಲಿ. ಮೇಲಿನ ಅಂತಸ್ತಿನಲ್ಲಿ ಮರಳಿದ್ದರೆ ಇನ್ನೂ ಹೆಚ್ಚು, ಧ್ವನಿತಂತುವಿಗೇ ಸೀಮಿತವಾದ ಚಿಕ್ಕದರಲ್ಲಿ ಕಡಿಮೆ. ದವಡೆಯ ಕೆಳಗಿನಿಂದ ಕೊರಳಿನ ಬುಡದವರೆಗೆ ದೊಡ್ಡ ರಕ್ತನಾಳದ ಗುಂಟ ಇರುವ ಸಾಲು, ಮತ್ತು ಶ್ವಾಸನಾಳದ ಅಕ್ಕಪಕ್ಕದ ಸಾಲು, ಇವೆರಡೇ ಮುಖ್ಯ. ಗಂಟು ಕಾಣದಿದ್ದರೂ ಅವನ್ನು ತೆಗೆಯಬೇಕೇ ಎಂಬುದರಲ್ಲಿ ಸರ್ಜನ್ನರ ನಡುವೆಯೇ ಭಿನ್ನಾಭಿಪ್ರಾಯವಿದೆ. ಕ್ಯಾನ್ಸರ್ ಮೃದ್ವಸ್ಥಿ ದಾಟಿದ್ದರೆ, ಇಲ್ಲವೇ ಮೇಲಕ್ಕೋ ಕೆಳಕ್ಕೋ ಹಬ್ಬಿದ್ದರೆ ತೆಗೆಯುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ದೂರಕ್ಕೆ ಹೋಗುವುದಾದರೆ ಮೊದಲ ನಿಲ್ದಾಣ ಶ್ವಾಸಕೋಶ, ಆಮೇಲೆ ಮೂಳೆ, ಯಕೃತ್ತು. ಗ್ರಂಥಿಗಳಲ್ಲಿ ಕ್ಯಾನ್ಸರ್ ಇದ್ದವರಲ್ಲೇ ಇದು ಹೆಚ್ಚು. ಆಪರೇಷನ್ನಿಗೆ ಮುಂಚೆ ಎದೆಯ ಸಿ.ಟಿ. ಅಥವಾ ಪೆಟ್ ಸ್ಕ್ಯಾನ್ ಮಾಡಿಸಲೇಬೇಕು. ಅದರಲ್ಲಿ ಶ್ವಾಸಕೋಶದಲ್ಲಿ ಒಂಟಿ ಗಂಟೊಂದು ಕಂಡರೆ ಅಲ್ಲಿಗೇ ಎಲ್ಲ ಮುಗಿಯಿತು ಎಂದು ತೀರ್ಮಾನಿಸಬೇಡಿ. ಬೀಡಿ ಗಂಟಲನ್ನು ಮಾತ್ರ ಸುಟ್ಟಿರುವುದಿಲ್ಲ, ಶ್ವಾಸಕೋಶದಲ್ಲೇ ಬೇರೆ ಕ್ಯಾನ್ಸರ್ ಹುಟ್ಟಿರಬಹುದು, ಇಲ್ಲವೇ ಹಳೆಯ ಟಿ.ಬಿ. ಕಲೆಯೂ ಆಗಿರಬಹುದು. ಮೂರಕ್ಕೂ ಚಿಕಿತ್ಸೆ ಬೇರೆ.

ಇನ್ನು ನಿಮ್ಮ ನೇರ ಪ್ರಶ್ನೆ, ಪೂರ್ತಿ ತೆಗೆಯಲೇಬೇಕೆ? ಕೆಲವರಿಗೆ ಬೇಡ. ಮೊದಲ ಸಲವೂ ಚಿಕ್ಕದಿದ್ದು, ಈಗಲೂ ಒಂದೇ ತಂತುವಿನಲ್ಲಿದ್ದು, ತಂತು ಚೆನ್ನಾಗಿ ಆಡುತ್ತಿದ್ದು, ಮೃದ್ವಸ್ಥಿಗೆ ತಾಗದೆ, ಶ್ವಾಸಕೋಶ ಗಟ್ಟಿಯಿರುವವರಿಗೆ ಲೇಸರಿನಿಂದಲೋ ಭಾಗಶಃ ಆಪರೇಷನ್ನಿನಿಂದಲೋ ದನಿ ಉಳಿಸಲು ಸಾಧ್ಯ. ಶ್ವಾಸಕೋಶದ ಮಾತು ಯಾಕೆಂದರೆ, ಭಾಗಶಃ ತೆಗೆದವರಲ್ಲಿ ಊಟ ನೀರು ಸ್ವಲ್ಪ ಸ್ವಲ್ಪ ಉಸಿರಿನ ದಾರಿಗೆ ಜಾರುತ್ತದೆ, ಅದನ್ನು ಕೆಮ್ಮಿ ಹೊರಹಾಕುವ ಶಕ್ತಿ ಬೇಕು. ಬಹುಕಾಲ ಬೀಡಿ ಸೇದಿದ ಎದೆಗೆ ಅದು ಎಷ್ಟು ಸಾಧ್ಯ ಎಂದು ಪರೀಕ್ಷೆ ಮಾಡಿಯೇ ಹೇಳಬೇಕು. ಇಲ್ಲಿ ಸರ್ಜನ್ ಲೆಕ್ಕ ಹಾಕುವುದು ಈಗಿನ ಗಾಯದ ನಕ್ಷೆಯನ್ನಲ್ಲ, ರೇಡಿಯೇಷನ್ನಿಗೆ ಮುಂಚೆ ಕ್ಯಾನ್ಸರ್ ಎಷ್ಟು ಜಾಗ ಹಿಡಿದಿತ್ತೋ ಆ ನಕ್ಷೆಯನ್ನು. ಉಳಿದ ಕಣಗುಂಪುಗಳು ಆ ಹಳೆಯ ಎಲ್ಲೆಯೊಳಗೆ ಎಲ್ಲಿ ಬೇಕಾದರೂ ಇರಬಹುದು. ಹಾಗಾಗಿ ಮೊದಲ ಸಲದ ಸ್ಕೋಪಿ ವರದಿ, ಸಿ.ಟಿ. ಸಿ.ಡಿ., ರೇಡಿಯೇಷನ್ ಎಷ್ಟು, ಎಲ್ಲಿಗೆ ಕೊಟ್ಟರು ಎಂಬ ಡಿಸ್ಚಾರ್ಜ್ ಚೀಟಿ, ಇವನ್ನು ಹುಡುಕಿ ತೆಗೆದುಕೊಂಡು ಹೋಗಿ. ಎರಡನೇ ಅಭಿಪ್ರಾಯ ಕೇಳುವುದಾದರೆ, ಕೇಳುವುದರಲ್ಲಿ ತಪ್ಪೇನಿಲ್ಲ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ಸರ್ಜನ್, ರೇಡಿಯೇಷನ್ ಡಾಕ್ಟರು, ಕೀಮೋ ಡಾಕ್ಟರು ಒಟ್ಟಿಗೆ ಕೂತು ನೋಡುವ ವ್ಯವಸ್ಥೆ ಇರುತ್ತದೆ. ಅಲ್ಲಿಯೂ ಮೊದಲು ಕೇಳುವುದು ಈ ಹಳೆಯ ಫೈಲನ್ನೇ. ಆದರೆ ಅಭಿಪ್ರಾಯ ಕೇಳುತ್ತ ಎರಡು ಮೂರು ತಿಂಗಳು ಕಳೆಯಬೇಡಿ.

ಪೂರ್ತಿ ತೆಗೆದರೆ ಫಲ ಏನು ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಅಮೆರಿಕದಲ್ಲಿ ನಡೆದ ಆರ್‌ಟಿಒಜಿ 91-11 ಎಂಬ ದೊಡ್ಡ ಅಧ್ಯಯನದಲ್ಲಿ ಚಿಕಿತ್ಸೆಯ ನಂತರ ಧ್ವನಿಪೆಟ್ಟಿಗೆ ತೆಗೆಸಿಕೊಳ್ಳಬೇಕಾಗಿ ಬಂದ 129 ಮಂದಿಯ ವಿವರ 2003ರಲ್ಲಿ ಪ್ರಕಟವಾಯಿತು. ಬರೀ ರೇಡಿಯೇಷನ್ ಪಡೆದಿದ್ದವರಲ್ಲಿ 100ಕ್ಕೆ 90 ಮಂದಿಗೆ ಗಂಟಲು, ಕುತ್ತಿಗೆಯಲ್ಲಿ ರೋಗ ಹತೋಟಿಯಲ್ಲಿತ್ತು. ಎರಡು ವರ್ಷದ ಹೊತ್ತಿಗೆ 76 ಮಂದಿ ಬದುಕಿದ್ದರು. ಅಧ್ಯಯನಕ್ಕೆ ಸೇರಿದವರು ಒಂದಿಷ್ಟು ಆರೋಗ್ಯವಿದ್ದ ಆಯ್ದ ರೋಗಿಗಳು ಎಂಬುದನ್ನು ನೆನಪಿಟ್ಟುಕೊಂಡೂ ಇದು ಒಳ್ಳೆಯ ಸಂಖ್ಯೆ.

ತೊಂದರೆಯೂ ಇದೆ. ರೇಡಿಯೇಷನ್ ಆದ ಅಂಗಾಂಶ ನಿಧಾನವಾಗಿ ಮಾಯುತ್ತದೆ. ಗಂಟಲಿನ ಹೊಲಿಗೆ ಬಿಟ್ಟು ಎಂಜಲು ಕುತ್ತಿಗೆಯ ಚರ್ಮದಿಂದ ಸೋರುವುದು ಅದೇ ಅಧ್ಯಯನದಲ್ಲಿ 100ಕ್ಕೆ 15ರಿಂದ 30 ಮಂದಿಗೆ ಆಯಿತು. ಅದನ್ನು ತಗ್ಗಿಸಲು ಎದೆಯ ಸ್ನಾಯುವನ್ನು ರಕ್ತನಾಳ ಸಮೇತ ಮೇಲೆತ್ತಿ ಹೊಲಿಗೆಯ ಮೇಲೆ ಹೊದಿಸುತ್ತಾರೆ. ಆಪರೇಷನ್ನಿಗೆ ಮುಂಚೆ ಥೈರಾಯ್ಡ್ ಪರೀಕ್ಷೆ ಆಗಿದೆಯೇ ಎಂದು ಕೇಳಿ. ರೇಡಿಯೇಷನ್ ನಂತರ ಥೈರಾಯ್ಡ್ ಕುಗ್ಗುವುದು ಸಾಮಾನ್ಯ, ಅದು ಕುಗ್ಗಿದ್ದರೆ ಗಾಯ ಮಾಯುವುದು ತಡವಾಗುತ್ತದೆ. ಮೊಟ್ಟೆ, ಬೇಳೆ, ಹಾಲು, ಅವರಿಗೆ ನುಂಗಲು ಬರುವ ಯಾವುದೇ ರೂಪದಲ್ಲಿ ಪ್ರೋಟೀನು ಈಗಿನಿಂದಲೇ ಹೊಟ್ಟೆಗೆ ಹೋಗಲಿ. ಬೀಡಿ ಇನ್ನೂ ಕದ್ದು ಸೇದುತ್ತಿದ್ದರೆ ಇವತ್ತೇ ನಿಲ್ಲಲಿ.

ದನಿಯ ಬಗ್ಗೆ: ಆಮೇಲೆ ಉಸಿರಾಟ ಕುತ್ತಿಗೆಯ ರಂಧ್ರದಿಂದಲೇ, ಜೀವಮಾನವಿಡೀ. ಮಾತು ಮಾತ್ರ ನಿಂತುಹೋಗಬೇಕಾಗಿಲ್ಲ. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಚಿಕ್ಕ ಕವಾಟ ಕೂರಿಸಿ ಮಾತನಾಡಿಸುವ ಪದ್ಧತಿ ನಾಲ್ಕು ದಶಕಕ್ಕೂ ಹಳೆಯದು. ವಿದೇಶದ ಕವಾಟಗಳಿಗೆ ಸಾವಿರಾರು ರೂಪಾಯಿ, ತಿಂಗಳುಗಳಿಗೊಮ್ಮೆ ಬದಲಿಸಬೇಕು. ಬೆಂಗಳೂರಿನ ಸರ್ಜನ್ ಡಾ. ವಿಶಾಲ್ ರಾವ್ ಸುಮಾರು 50 ರೂಪಾಯಿ ವೆಚ್ಚದ 'ಓಂ' ಕವಾಟವನ್ನು ರೂಪಿಸಿದ್ದು ಈ ಖರ್ಚಿನ ಕಷ್ಟ ಕಂಡೇ. ಕುತ್ತಿಗೆಗೆ ಒತ್ತಿ ಹಿಡಿದು ಮಾತನಾಡುವ ಬ್ಯಾಟರಿ ಯಂತ್ರವೂ ಇದೆ. ಆಪರೇಷನ್ನಿಗೆ ಮುಂಚೆಯೇ ಹೀಗೆ ಮಾತನಾಡುವ ಒಬ್ಬರನ್ನು ತಂದೆಯವರಿಗೆ ಭೇಟಿ ಮಾಡಿಸಿ ಎಂದು ಆಸ್ಪತ್ರೆಯವರನ್ನು ಕೇಳಿ. ನಾವು ಗಂಟೆಗಟ್ಟಲೆ ವಿವರಿಸಿದ್ದಕ್ಕಿಂತ ಆ ಐದು ನಿಮಿಷ ಹೆಚ್ಚು ಧೈರ್ಯ ಕೊಡುತ್ತದೆ.

ಇನ್ನೊಮ್ಮೆ ಕರೆಂಟ್? ಅದೇ ಜಾಗಕ್ಕೆ ಎರಡನೇ ಸಲ ಪೂರ್ತಿ ಡೋಸ್ ಕೊಟ್ಟರೆ ಮೃದ್ವಸ್ಥಿ ಸಾಯುವುದು, ಕುತ್ತಿಗೆಯ ದೊಡ್ಡ ರಕ್ತನಾಳ ಒಡೆಯುವುದು ಇಂಥ ಅಪಾಯಗಳಿವೆ. ಮೊದಲ ಸಲ ಬದುಕಿ ಉಳಿದ ಕಣಗಳು ಎರಡನೇ ಸಲ ಸುಲಭವಾಗಿ ಸಾಯುತ್ತವೆ ಎನ್ನುವ ಹಾಗೂ ಇಲ್ಲ. ಆಪರೇಷನ್ ಸಾಧ್ಯವಿರುವವರಿಗೆ ಅದು ಮೊದಲ ಆಯ್ಕೆಯಲ್ಲ. ಆಪರೇಷನ್ ಸಾಧ್ಯವೇ ಇಲ್ಲದ ಹಂತ ತಲುಪಿದವರಿಗೆ ಕೀಮೋ, ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಬಿಡುವ ಇಮ್ಯುನೊಥೆರಪಿ ಇವೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ನಿವೊಲುಮ್ಯಾಬ್ ಔಷಧವನ್ನು ಮಾಮೂಲಿಗಿಂತ ತುಂಬ ಕಡಿಮೆ, ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ಪ್ರಮಾಣದಲ್ಲಿ, ಬಾಯಿಯಿಂದ ಕೊಡುವ ಮಾತ್ರೆಗಳ ಜೊತೆ ಸೇರಿಸಿ ತಲೆ-ಕುತ್ತಿಗೆ ಕ್ಯಾನ್ಸರಿನ 151 ಮಂದಿಯಲ್ಲಿ ಪರೀಕ್ಷಿಸಿದರು. ಒಂದು ವರ್ಷ ಬದುಕಿದ್ದವರ ಪ್ರಮಾಣ ಬರೀ ಮಾತ್ರೆ ಪಡೆದವರಲ್ಲಿ 100ಕ್ಕೆ 16 ಇದ್ದರೆ, ನಿವೊಲುಮ್ಯಾಬ್ ಕೂಡ ಪಡೆದವರಲ್ಲಿ 43 ಇತ್ತು. ಬಡವರಿಗೆ ಕೈಗೆಟುಕದ ಔಷಧವನ್ನು ಎಟುಕುವಂತೆ ಮಾಡಿದ ಮಹತ್ವದ ಕೆಲಸ ಅದು. ಆದರೆ ಅದು ಆಯಸ್ಸನ್ನು ಮುಂದಕ್ಕೆ ತಳ್ಳುವ ಚಿಕಿತ್ಸೆ. ನಿಮ್ಮ ತಂದೆಯವರಿಗೆ ಪೂರ್ತಿ ಗುಣವಾಗುವ ಬಾಗಿಲು ಈಗ ತೆರೆದಿದೆ. ಆಪರೇಷನ್ ಮುಂದೂಡಿ ಇವನ್ನು ನಂಬಿ ಕೂರುವುದು ನನ್ನ ಸಲಹೆಯಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಉಸಿರೆಳೆಯುವಾಗ ಗಂಟಲಿನಿಂದ ಜೋರಾದ ಸದ್ದು ಬರತೊಡಗಿದರೆ, ಮಲಗಿದಾಗ ಉಸಿರುಗಟ್ಟಿ ಎದ್ದು ಕೂರುವಂತಾದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ಆಗಿ ಮರಳಿ ಬಂದಿದೆ ಎಂದು ಬಾಗಿಲಲ್ಲೇ ಹೇಳಿ. ತುರ್ತಾಗಿ ಕುತ್ತಿಗೆಯಲ್ಲಿ ರಂಧ್ರ ಮಾಡಬೇಕಾಗಿ ಬಂದರೆ ಮಾಡಿಸಿ, ಪ್ರಾಣ ಮೊದಲು. ಆದರೆ ಹಾಗೆ ರಂಧ್ರ ಮಾಡಿದ ಮೇಲೆ ಆಪರೇಷನ್ ತಡವಾದರೆ ಆ ರಂಧ್ರದ ಅಂಚಿನಲ್ಲೇ ಕ್ಯಾನ್ಸರ್ ಮರಳುವ ಸಂಭವ ಹೆಚ್ಚು. ಹಾಗಾದರೆ ದೊಡ್ಡ ಆಪರೇಷನ್ನಿನ ದಿನವನ್ನು ಮುಂದಕ್ಕೆ ಹಾಕದೆ ಕೆಲವೇ ದಿನಗಳಲ್ಲಿ ಗೊತ್ತುಮಾಡುವಂತೆ ಅಲ್ಲಿಯೇ ಕೇಳಿಕೊಳ್ಳಿ.